ಹಳೆಯ ಕಂಪ್ಯೂಟರ್ ಮತ್ತು ವಿಡಿಯೋ ಗೇಮ್‌ಗಳ ಧ್ವನಿ ಸುಧಾರಿಸುವುದು ಹೇಗೆ? ಮಾಡಿ ನೋಡಿದವರು ತಿಳಿಸಿ

ಪ್ರಶ್ನೆ: ಬಿಜೈ, ಮಂಗಳೂರು

ನಮ್ಮ ದೊಡ್ಡಪ್ಪ ಬಹರೈನ್‌ನಲ್ಲಿದ್ದ ಕಾಲದಲ್ಲಿ ರಜೆಗೆ ಊರಿಗೆ ಬರುವಾಗಲೆಲ್ಲ ಏನಾದರೊಂದು ಯಂತ್ರ ತರುತ್ತಿದ್ದರು. ಈಚೆಗೆ ಹಳೆಮನೆಯ ಅಟ್ಟ ಖಾಲಿ ಮಾಡುವಾಗ ಕಮಡೋರ್ 64 ಕಂಪ್ಯೂಟರ್, ಸೆಗಾ ಮೆಗಾ ಡ್ರೈವ್‌ನ ಎರಡನೆಯ ಮಾದರಿ, ಮತ್ತು ನಾನೇ ಹೈಸ್ಕೂಲಿನಲ್ಲಿದ್ದಾಗ ಹಂಪನಕಟ್ಟೆಯಲ್ಲಿ ಕೊಂಡಿದ್ದ ಕ್ಯಾಸೆಟ್ ಹಾಕುವ ವಿಡಿಯೋ ಗೇಮ್ ಸಿಕ್ಕಿದವು. ಮೂರರಲ್ಲೂ ಚಿತ್ರ ಸರಿಯಾಗಿ ಬರುತ್ತಿದೆ, ತೊಂದರೆಯಿರುವುದು ಧ್ವನಿಯಲ್ಲಿ. ಮೆಗಾ ಡ್ರೈವ್‌ನ ಸದ್ದು ಕಂಬಳಿ ಹೊದ್ದು ಮಾತನಾಡಿದ ಹಾಗೆ ಮಂಕಾಗಿದೆ, ಅದೂ ಎರಡೂ ಸ್ಪೀಕರುಗಳಲ್ಲಿ ಒಂದೇ ತೆರನಾಗಿ. ಕಮಡೋರ್‌ನಲ್ಲಿ ಸಂಗೀತದ ಹಿಂದೆ ಜುಂಯ್ ಎನ್ನುವ ಸದ್ದು ನಿಲ್ಲುವುದೇ ಇಲ್ಲ, ತೆರೆಯ ಮೇಲೆ ಚಿತ್ರ ಬದಲಾದಂತೆ ಆ ಸದ್ದೂ ಬದಲಾಗುತ್ತದೆ. ಕ್ಯಾಸೆಟ್ ಗೇಮ್‌ನ ಧ್ವನಿ ಟಿವಿಯ ಆಂಟೆನಾ ಸಾಕೆಟ್‌ನ ಮೂಲಕವೇ ಬರುವುದರಿಂದ ಅದನ್ನು ಆಂಪ್ಲಿಫೈಯರಿಗೆ ಜೋಡಿಸುವ ದಾರಿ ತಿಳಿಯುತ್ತಿಲ್ಲ. ನನಗೆ ಬೆಸುಗೆ ಹಾಕುವ ಅಭ್ಯಾಸ ಅಲ್ಪಸ್ವಲ್ಪ ಇದೆ. ಎಲ್ಲಿಂದ ಆರಂಭಿಸಬೇಕು, ಯಾವುದಕ್ಕೆ ಕೈ ಹಾಕಬಾರದು ಎಂಬುದನ್ನು ಅನುಭವಸ್ಥರು ತಿಳಿಸಿದರೆ ಉಪಕಾರವಾಗುತ್ತದೆ.

ಕಂಕನಾಡಿಯಿಂದ, ನಿವೃತ್ತ ರೇಡಿಯೋ ರಿಪೇರಿಯವರು

ಧ್ವನಿಯ ಮಾತಿಗೆ ಮೊದಲು ಕರೆಂಟಿನ ಮಾತು. ಕಮಡೋರ್‌ನ ಹಳೆಯ ಪವರ್ ಸಪ್ಲೈಯನ್ನು ದಯವಿಟ್ಟು ಇನ್ನು ಪ್ಲಗ್ಗಿಗೆ ಹಾಕಬೇಡಿ. ಅದರಿಂದ 9 ವೋಲ್ಟಿನ ಎಸಿ ಮತ್ತು 5 ವೋಲ್ಟಿನ ಡಿಸಿ ಎರಡೂ ಹೊರಡುತ್ತವೆ. ಒಳಗಿನ ರೆಗ್ಯುಲೇಟರ್ ಕೆಟ್ಟರೆ 5 ವೋಲ್ಟ್ ಇರಬೇಕಾದಲ್ಲಿ ಹೆಚ್ಚು ವೋಲ್ಟೇಜ್ ನುಗ್ಗಿ ಮೆಮೊರಿ ಚಿಪ್‌ಗಳನ್ನು ಸುಡುತ್ತದೆ. ಇಷ್ಟು ದಿನ ಏನೂ ಆಗಲಿಲ್ಲವೆಂಬುದು ನಾಳೆಗೆ ಭರವಸೆಯಲ್ಲ. ಅಡಾಪ್ಟರಿನ ವಿಷಯದಲ್ಲಿ ನನಗೇ ಒಮ್ಮೆ ಏಟು ಬಿದ್ದಿದೆ. ಮೆಗಾ ಡ್ರೈವ್‌ನ ಮೊದಲ ಮಾದರಿಯಲ್ಲಿ ಪಿನ್ನಿನ ನಡುವೆ ಋಣ, ಎರಡನೆಯ ಮಾದರಿಯಲ್ಲಿ ನಡುವೆ ಧನ. ಪರಿಚಯದ ಅಂಗಡಿಯೊಂದರಲ್ಲಿ “ಇದೇ ಆಗುತ್ತದೆ, ತೆಗೆದುಕೊಂಡು ಹೋಗಿ” ಎಂದು ಕೊಟ್ಟದ್ದನ್ನು ಮೀಟರ್ ಹಿಡಿದು ನೋಡದೆ ಚುಚ್ಚಿದೆ, ಮೊದಲ ಮಾದರಿಯ ಒಂದು ಸೆಟ್ ನನ್ನ ಕೈಯಲ್ಲೇ ಕೆಟ್ಟಿತು.

ಇನ್ನು ಕೆಪಾಸಿಟರ್, ಅಂದರೆ ವಿದ್ಯುದಾವೇಶ ಹಿಡಿದಿಡುವ ಬಿಡಿಭಾಗದ ಮಾತು. ನಮ್ಮ ಕರಾವಳಿಯ ಉಪ್ಪುಗಾಳಿ ಮತ್ತು ನಾಲ್ಕು ತಿಂಗಳ ಮಳೆ ಸೇರಿ ಎಲೆಕ್ಟ್ರಾನಿಕ್ ಸಾಮಾನಿಗೆ ಏನು ಮಾಡುತ್ತವೆ ಎಂಬುದನ್ನು ನಾನು ನಲವತ್ತು ವರ್ಷ ನೋಡಿದ್ದೇನೆ. ಒಮ್ಮೆ ಪಕ್ಕದ ಮನೆಯ ಹುಡುಗ ಸೆಗಾದ್ದೇ ಗೇಮ್ ಗಿಯರ್ ಎಂಬ ಕೈಯಲ್ಲಿ ಹಿಡಿಯುವ ಗೇಮ್ ತಂದುಕೊಟ್ಟ. ಅದರ ಸದ್ದು ಕಿವಿಗಿಟ್ಟರೂ ಕೇಳಿಸುತ್ತಿರಲಿಲ್ಲ. ಬಿಚ್ಚಿ ನೋಡಿದರೆ ಧ್ವನಿಯ ಪುಟ್ಟ ಬೋರ್ಡಿನ ಮೇಲಿನ ಕೆಪಾಸಿಟರ್‌ಗಳ ಕಾಲ ಬುಡದಲ್ಲಿ ಹಸಿರು ಕಿಲುಬು, ಸುತ್ತ ಎಣ್ಣೆ ಸವರಿದಂಥ ಪಸೆ. ಸೋರಿದ ಕೆಪಾಸಿಟರಿಗೆ ಬಿಸಿ ಐರನ್ ತಾಗಿದರೆ ಮೀನಿನ ವಾಸನೆ ಬರುತ್ತದೆ. ಅಂದು ಒಳಗೆ ಬಂಗುಡೆ ಹುರಿಯುತ್ತಿದ್ದುದರಿಂದ ಅರ್ಧ ಗಂಟೆ ನನಗೆ ಅದು ಗೊತ್ತೇ ಆಗಲಿಲ್ಲ! ಹಳೆಯದನ್ನು ತೆಗೆದು, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಬ್ರಷ್ಷಿನಿಂದ ಉಜ್ಜಿ, ತಾಮ್ರ ಹೊಳೆದ ಮೇಲೆ ಹೊಸದನ್ನು ಹಾಕಿದೆ. ಸದ್ದು ಪೂರ್ತಿ ಮರಳಿತು. ಆದುದರಿಂದ ಮೂರೂ ಯಂತ್ರಗಳ ಎಲೆಕ್ಟ್ರೊಲಿಟಿಕ್ (ಒಳಗೆ ದ್ರವವಿರುವ) ಕೆಪಾಸಿಟರ್‌ಗಳನ್ನು ಒಟ್ಟಿಗೇ ಬದಲಾಯಿಸಿಬಿಡಿ ಎಂಬುದು ನನ್ನ ಸಲಹೆ.

ಮಣಿಪಾಲದಿಂದ

ಹಿರಿಯರ ಅನುಭವಕ್ಕೆ ಗೌರವವಿದೆ, ಆದರೆ ಕೊನೆಯ ಸಲಹೆಯನ್ನು ನಾನು ಪೂರ್ತಿ ಒಪ್ಪಲಾರೆ. ಗೇಮ್ ಗಿಯರ್, ಕಮಡೋರ್‌ನವರದ್ದೇ ಕಂಪ್ಯೂಟರುಗಳಾದ ಅಮಿಗಾ 600, ಅಮಿಗಾ 1200 ಇವುಗಳ ಕೆಪಾಸಿಟರ್‌ಗಳು ಸೋರುವುದಕ್ಕೇ ಹೆಸರಾದವು, ಅಲ್ಲಿ ಕಾಯುವ ಪ್ರಶ್ನೆಯಿಲ್ಲ. ಕಮಡೋರ್ 64ರಲ್ಲಿ ಅವು ಸಾಮಾನ್ಯವಾಗಿ ಇಂದಿಗೂ ಚೆನ್ನಾಗಿರುತ್ತವೆ. ಹೊಸದಾಗಿ ಬೆಸುಗೆ ಕಲಿತವರು ಒಳ್ಳೆಯ ಬೋರ್ಡಿನಿಂದ ಇಪ್ಪತ್ತು ಕೆಪಾಸಿಟರ್ ಕೀಳುವಾಗ ನಾಲ್ಕು ಕಡೆ ತಾಮ್ರದ ಗೆರೆಯೂ ಎದ್ದುಬರುತ್ತದೆ. ಮೊದಲು ನೋಡಿ, ಅಳೆಯಿರಿ, ದೋಷವಿದ್ದುದನ್ನು ಮಾತ್ರ ತೆಗೆಯಿರಿ.

ಮೆಗಾ ಡ್ರೈವ್ ನನ್ನ ಅಚ್ಚುಮೆಚ್ಚಿನ ಯಂತ್ರವಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. 1988ರ ಮೊದಲ ಮಾದರಿಯ ಹಿಂದಿನ ಸಾಕೆಟ್‌ನಲ್ಲಿ ಮೊನೊ (ಎಡ-ಬಲ ಬೇರೆಯಾಗದ) ಧ್ವನಿ ಮಾತ್ರ ಇದೆ, ಸ್ಟೀರಿಯೋ ಬೇಕಿದ್ದರೆ ಮುಂದಿನ ಹೆಡ್‌ಫೋನ್ ಜ್ಯಾಕ್‌ನಿಂದಲೇ ತೆಗೆಯಬೇಕು. 1993ರಲ್ಲಿ ಬಂದ ಎರಡನೆಯ ಮಾದರಿಯಲ್ಲಿ ಹೆಡ್‌ಫೋನ್ ಜ್ಯಾಕ್ ಇಲ್ಲ, ಆದರೆ ಹಿಂದಿನ 9 ಪಿನ್‌ಗಳ ಸಾಕೆಟ್‌ನಲ್ಲಿ ಎಡ ಮತ್ತು ಬಲದ ಧ್ವನಿ ಬೇರೆ ಬೇರೆಯಾಗಿ ಇವೆ. ಹಾಗಿದ್ದೂ ನಿಮಗೆ ಎರಡೂ ಸ್ಪೀಕರುಗಳಲ್ಲಿ ಒಂದೇ ಸದ್ದು ಕೇಳಿಸುತ್ತಿದೆಯೆಂದರೆ ಕೇಬಲ್ ಮೊನೊ ಆಗಿರುವ ಸಾಧ್ಯತೆ ಹೆಚ್ಚು. ಅದರಲ್ಲಿ ಹಳದಿ ಮತ್ತು ಬಿಳಿ ಎಂಬ ಎರಡೇ ಪಿನ್ ಇದೆಯೇ ನೋಡಿ. ಯಂತ್ರ ಬಿಚ್ಚುವ ಮೊದಲು ಸ್ಟೀರಿಯೋ ಕೇಬಲ್ ತರಿಸಿ ಪರೀಕ್ಷಿಸುವುದು ಎಲ್ಲಕ್ಕಿಂತ ಅಗ್ಗದ ಚಿಕಿತ್ಸೆ.

ಮಂಕುತನ ಮಾತ್ರ ಕೇಬಲ್‌ನಿಂದ ಹೋಗುವುದಿಲ್ಲ. ಈ ಯಂತ್ರದಲ್ಲಿ ಧ್ವನಿ ಎರಡು ಕಡೆಯಿಂದ ಹುಟ್ಟುತ್ತದೆ: ಯಮಾಹಾದ ವೈಎಂ 2612 ಬಗೆಯ ಎಫ್‌ಎಂ ಸಂಶ್ಲೇಷಕ ಒಂದು, ಸೆಗಾದ ಹಳೆಯ ಗೇಮ್ ಯಂತ್ರ ಮಾಸ್ಟರ್ ಸಿಸ್ಟಂನಿಂದ ಬಂದ ಬೀಪ್ ಸದ್ದಿನ ಪಿಎಸ್‌ಜಿ ಇನ್ನೊಂದು. ಇವೆರಡನ್ನೂ ಕೂಡಿಸಿ ಹೊರಗೆ ಕಳುಹಿಸುವ ಸಣ್ಣ ಆಂಪ್ಲಿಫೈಯರ್ ಎರಡನೆಯ ಮಾದರಿಯ ಹಲವು ಬೋರ್ಡುಗಳಲ್ಲಿ ಕಳಪೆಯಾಗಿದೆ. ಚಿಪ್‌ನೊಳಗೆ ಸದ್ದು ಚೆನ್ನಾಗಿಯೇ ಹುಟ್ಟಿ ಬಾಗಿಲು ದಾಟುವಾಗ ಕೆಡುತ್ತದೆ. ಆದ್ದರಿಂದ ಈ ಯಂತ್ರದ ಸುಧಾರಣೆಯ ತಿರುಳು ಇಷ್ಟೇ: ಎಫ್‌ಎಂನ ಎಡ-ಬಲ ಧ್ವನಿಯನ್ನೂ ಪಿಎಸ್‌ಜಿಯ ಧ್ವನಿಯನ್ನೂ ಆ ಆಂಪ್ಲಿಫೈಯರಿಗೆ ತಲುಪುವ ಮುನ್ನವೇ ಹಿಡಿದು, ನಾವೇ ಕಟ್ಟಿದ ಆಪ್-ಆಂಪ್ (ಧ್ವನಿ ವರ್ಧಿಸುವ ಪುಟ್ಟ ಐಸಿ) ಸರ್ಕ್ಯೂಟಿನಲ್ಲಿ ರೆಸಿಸ್ಟರ್‌ಗಳ ಮೂಲಕ ಹದವಾಗಿ ಬೆರೆಸಿ ಹೊರಗೆ ತರುವುದು. ಹದ ತಪ್ಪಿದರೆ ಪಿಎಸ್‌ಜಿಯ ಕೀರಲು ಸದ್ದು ಚೆಂಡೆಯ ಹತ್ತಿರ ಕೂತವರಿಗೆ ಭಾಗವತರ ಪದ ಕೇಳಿಸದ ಹಾಗೆ ಉಳಿದುದನ್ನೆಲ್ಲ ಮುಚ್ಚಿಬಿಡುತ್ತದೆ.

ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಆಡಿಯೋ ಎಂದರೆ ಎನ್‌ಇ 5532 ಆಪ್-ಆಂಪ್ ಎಂಬ ರೂಢಿಯಿಂದ ಅದನ್ನೇ ತಂದು ಯಂತ್ರದೊಳಗಿನ 5 ವೋಲ್ಟಿಗೆ ಜೋಡಿಸಿದೆ. ಆ ಐಸಿಗೆ ಕನಿಷ್ಠ ಎರಡೂ ಕಡೆ 5 ವೋಲ್ಟ್, ಅಂದರೆ ಒಟ್ಟು 10 ವೋಲ್ಟ್ ಬೇಕು. ಸದ್ದು ಏರಿದಾಗಲೆಲ್ಲ ಒಡೆದ ಗಂಟೆಯ ಹಾಗೆ ಕರ್ಕಶವಾಗುತ್ತಿತ್ತು. 1.8ರಿಂದ 6 ವೋಲ್ಟಿನೊಳಗೆ ಕೆಲಸ ಮಾಡುವ ಎಂಸಿಪಿ 6002 ಹಾಕಿದ ಮೇಲೆ ಸರಿಹೋಯಿತು.

ಸುರತ್ಕಲ್‌ನಿಂದ, ವಿದ್ಯಾರ್ಥಿ

ಮಣಿಪಾಲದ ಮೇಡಂ ಹೇಳಿದ “ಆಂಪ್ಲಿಫೈಯರಿಗೆ ಮೊದಲೇ ಹಿಡಿಯುವ” ಉಪಾಯವನ್ನು ನಾನು 1989ರ ಗೇಮ್ ಬಾಯ್‌ನಲ್ಲಿ ಮಾಡಿದ್ದೇನೆ. ವಾಲ್ಯೂಮ್ ಚಕ್ರದ ಹಿಂದಿನ ಬಿಂದುಗಳಿಂದ ಶೀಲ್ಡ್ ಇರುವ ವೈರ್ ಎಳೆದು ಬೇರೊಂದು ಜ್ಯಾಕ್ ಕೂರಿಸಿದರೆ ಹಿನ್ನೆಲೆಯ ಸರಸರ ಸದ್ದು ಬಹಳ ಕಡಿಮೆಯಾಗುತ್ತದೆ. ಆದರೆ ಇಂಥ ಜ್ಯಾಕ್‌ಗೆ ಹೆಡ್‌ಫೋನ್ ಹಾಕಬೇಡಿ. ದಾರಿಯಲ್ಲಿ 10 ಮೈಕ್ರೊಫ್ಯಾರಡ್ ಕೆಪಾಸಿಟರ್ ಇದೆಯೆಂದುಕೊಳ್ಳಿ. ಎದುರಿಗೆ ಆಂಪ್ಲಿಫೈಯರಿನ 10 ಕಿಲೊಓಂ ಇದ್ದರೆ ಅದು ತಡೆಯುವುದು ಸುಮಾರು 1.6 ಹರ್ಟ್ಸ್‌ಗಿಂತ ಕೆಳಗಿನದನ್ನು ಮಾತ್ರ, ಅದು ಕಿವಿಗೆ ಕೇಳುವುದೇ ಅಲ್ಲ. ಅಲ್ಲಿಗೇ 32 ಓಮಿನ ಹೆಡ್‌ಫೋನ್ ಹಾಕಿದರೆ ಸುಮಾರು 500 ಹರ್ಟ್ಸ್‌ಗಿಂತ ಕೆಳಗಿನದು ಕ್ಷೀಣಿಸಿ, ಬಾಸ್ ಎಂಬುದೇ ಉಳಿಯುವುದಿಲ್ಲ. ಸುಧಾರಣೆ ವಿಫಲವಾಯಿತೆಂದು ನಾನು ಎರಡು ವಾರ ತಲೆ ಕೆಡಿಸಿಕೊಂಡಿದ್ದೆ.

ಉಡುಪಿಯ ಕಲ್ಸಂಕದಿಂದ

ಕ್ಯಾಸೆಟ್ ಗೇಮ್ ಕುರಿತು ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಮಾರಾಯ್ರೇ. ಅದು 1983ರ ನಿಂಟೆಂಡೊ ಫ್ಯಾಮಿಕಾಂನ ನಕಲು. ಅಸಲಿ ಯಂತ್ರದ ಚಿಪ್‌ನಲ್ಲಿ ಧ್ವನಿಗೆ ಎರಡು ಪಿನ್‌ಗಳಿದ್ದು, ಒಂದರಲ್ಲಿ ಎರಡು ಚೌಕ ತರಂಗಗಳೂ ಇನ್ನೊಂದರಲ್ಲಿ ತ್ರಿಕೋನ ತರಂಗ ಮತ್ತು ಡೋಲು-ತಾಳದ ಸದ್ದುಗಳೂ ಬರುವುದರಿಂದ ಅವನ್ನು ಎಡ-ಬಲಕ್ಕೆ ಹಂಚಿ ಒಂದು ಬಗೆಯ ಸ್ಟೀರಿಯೋ ಮಾಡಬಹುದು. ನಕಲಿನಲ್ಲಿ ಇಡೀ ಯಂತ್ರವೇ ಒಂದು ಕಪ್ಪು ಅಂಟಿನ ಬೊಟ್ಟಿನ ಕೆಳಗೆ ಹುದುಗಿರುತ್ತದೆ, ಪಿನ್‌ಗಳು ಕೈಗೆ ಸಿಗುವುದಿಲ್ಲ. ಕೆಲವು ನಕಲುಗಳಲ್ಲಿ ಚೌಕ ತರಂಗದ ಎರಡು ಬಗೆಗಳು ಪರಸ್ಪರ ಅದಲುಬದಲಾಗಿರುವುದರಿಂದ ರಾಗವೇ ಬೇರೆ ವಾದ್ಯದಲ್ಲಿ ನುಡಿಸಿದಂತೆ ಕೇಳುತ್ತದೆ, ಅದಕ್ಕೆ ಬೆಸುಗೆಯಲ್ಲಿ ಮದ್ದಿಲ್ಲ. ಚಿತ್ರ-ಧ್ವನಿಗಳನ್ನು ಆಂಟೆನಾ ಸಂಕೇತವಾಗಿಸುವ ತಗಡಿನ ಚಿಕ್ಕ ಆರ್‌ಎಫ್ ಡಬ್ಬಿಗೆ ಹೋಗುವ ಧ್ವನಿಯ ವೈರನ್ನು ಗುರುತಿಸಿ, ಅಲ್ಲಿಂದ ಒಂದು ಕೆಪಾಸಿಟರ್ ಮೂಲಕ ಆರ್‌ಸಿಎ ಸಾಕೆಟ್ಟಿಗೆ ಜೋಡಿಸಿದರೆ ಟಿವಿಯ ಹಂಗು ತಪ್ಪುತ್ತದೆ. ಅಷ್ಟಕ್ಕೆ ತೃಪ್ತರಾಗಿ.

ಕಮಡೋರ್‌ನ ಜುಂಯ್ ಸದ್ದಿಗೆ ಕಾರಣ ಬಹುಶಃ ಕೇಬಲ್‌ನಲ್ಲೇ ಇದೆ. ಧ್ವನಿ ಹುಟ್ಟಿಸುವ ಅದರ ಸಿಡ್ ಚಿಪ್‌ಗೆ ಹೊರಗಿನ ಧ್ವನಿಯನ್ನು ಒಳಗೆ ತೆಗೆದುಕೊಳ್ಳುವ ಪಿನ್ ಒಂದಿದೆ, ಅದು ಎವಿ ಸಾಕೆಟ್ಟಿನ 5ನೆಯ ಪಿನ್ನಿಗೆ ಬಂದಿದೆ. ಅಲ್ಲಿಗೆ ಏನನ್ನೂ ಜೋಡಿಸದೆ ಬಿಟ್ಟರೆ ಅದು ಆಂಟೆನಾದಂತೆ ಪಕ್ಕದ ಚಿತ್ರದ ವೈರಿನ ಗದ್ದಲವನ್ನು ಹೀರಿಕೊಂಡು ಸಂಗೀತದೊಂದಿಗೆ ಹೊರಗೆ ಕಳುಹಿಸುತ್ತದೆ. ಚಿತ್ರ ಬದಲಾದಂತೆ ಸದ್ದು ಬದಲಾಗುತ್ತದೆ ಎಂದಿರಲ್ಲ, ಅದೇ ಗುರುತು. ಕೇಬಲ್‌ನ ಪ್ಲಗ್ ಬಿಚ್ಚಿ 5ನೆಯ ಪಿನ್ನನ್ನು 2ನೆಯ ಪಿನ್ ಆದ ಗ್ರೌಂಡಿಗೆ ಸೇರಿಸಿ. ಯಂತ್ರವನ್ನು ಮುಟ್ಟಬೇಕಾಗಿಯೇ ಇಲ್ಲ.

ಆ ಮೇಲೂ ಒಂದೇ ಸಮನೆ ಗುಂಯ್ ಎನ್ನುವ ಸದ್ದು ಉಳಿದರೆ ಅದು 50 ಹರ್ಟ್ಸ್‌ನ ಮನೆಯ ಕರೆಂಟಿನದು. ಟಿವಿಗೆ ಬಂದಿರುವ ಡಿಶ್ ಅಥವಾ ಕೇಬಲ್‌ನ ವೈರನ್ನು ಕ್ಷಣಕಾಲ ಕಳಚಿ ನೋಡಿ. ಸದ್ದು ನಿಂತರೆ ಎರಡು ಕಡೆಯ ಅರ್ತಿಂಗ್ ಸುತ್ತುಹಾಕಿಕೊಂಡಿದೆ ಎಂದರ್ಥ. ಆಗ ಕಾರಿನ ಸ್ಟೀರಿಯೋ ಅಂಗಡಿಯಲ್ಲಿ ಗ್ರೌಂಡ್ ಲೂಪ್ ಐಸೊಲೇಟರ್ ಎಂದು ಕೇಳಿದರೆ ಸಣ್ಣ ಟ್ರಾನ್ಸ್‌ಫಾರ್ಮರ್ ಇರುವ ಡಬ್ಬಿ ಕೊಡುತ್ತಾರೆ, ಅದನ್ನು ನಡುವೆ ಹಾಕಿ. ಆಂಪ್ಲಿಫೈಯರಿನ ಮೂರನೆಯ ಪಿನ್ ಮುರಿದು ಸದ್ದು ನಿಲ್ಲಿಸುವವರೂ ಇದ್ದಾರೆ. ಮಳೆಗಾಲದ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಆ ಪೆಟ್ಟಿಗೆಯನ್ನು ಮುಟ್ಟುವವರು ಯಾರೆಂಬುದನ್ನು ಅವರು ಯೋಚಿಸಿರುವುದಿಲ್ಲ.

ಬಿಜೈಯಿಂದ, ಮೂರು ವಾರಗಳ ಬಳಿಕ

ಎಲ್ಲರಿಗೂ ಧನ್ಯವಾದಗಳು. ಮೆಗಾ ಡ್ರೈವ್‌ನ ಕೇಬಲ್‌ನಲ್ಲಿ ನಿಜವಾಗಿಯೂ ಎರಡೇ ಪಿನ್ ಇದ್ದವು. ಸ್ಟೀರಿಯೋ ಕೇಬಲ್ ತರಿಸಿದ ದಿನವೇ ಎಡ-ಬಲ ಬೇರ್ಪಟ್ಟವು. ಮಂಕುತನ ಉಳಿದಿದೆ, ಎಂಸಿಪಿ 6002 ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ಬರಬೇಕಾಗಿದೆ. ಕಮಡೋರ್‌ಗೆ ಹೊಸ ಪವರ್ ಸಪ್ಲೈ ತರಿಸಿ, 5ನೆಯ ಪಿನ್ನನ್ನು ಗ್ರೌಂಡ್ ಮಾಡಿದೆ. ಜುಂಯ್ ಸದ್ದು ಹೋಯಿತು. ಸದ್ದಿಲ್ಲವೆಂದು ದೊಡ್ಡಪ್ಪ ಯಂತ್ರವೇ ಆಫ್ ಆಗಿದೆಯೆಂದುಕೊಂಡರು. ಕ್ಯಾಸೆಟ್ ಗೇಮ್‌ಗೆ ಧ್ವನಿಗೆಂದು ಆರ್‌ಸಿಎ ಸಾಕೆಟ್ ಕೂರಿಸಿದೆ, ಚಿತ್ರ ಆಂಟೆನಾ ಸಾಕೆಟ್‌ನಿಂದಲೇ ಬರುತ್ತಿದೆ. ಈಗ ಒಂದೇ ಸಂಶಯ: ಕಮಡೋರ್‌ನ ಕೆಲವು ಆಟಗಳಲ್ಲಿ ಮನುಷ್ಯರ ಮಾತು ಮತ್ತು ಡ್ರಮ್ಮಿನ ಸದ್ದು ಕೇಳಿಸಿಯೂ ಕೇಳಿಸದಷ್ಟು ಸಣ್ಣದಾಗಿದೆ. ಸಿಡ್ ಚಿಪ್‌ನ ಮೇಲೆ 8580 ಎಂದಿದೆ.

ಕಲ್ಸಂಕದಿಂದ

ಅದು ದೋಷವಲ್ಲ, ಆ ಚಿಪ್‌ನ ಗುಣ. ಸಿಡ್‌ನ ಹಳೆಯ ಮಾದರಿಯಾದ 6581ರಲ್ಲಿ ಒಳಗಿನ ಸೋರಿಕೆ ವೋಲ್ಟೇಜಿನಿಂದಾಗಿ ವಾಲ್ಯೂಮನ್ನು ಬೇಗಬೇಗ ಬದಲಿಸಿದರೆ ಅದೇ ಸದ್ದಾಗಿ ಕೇಳುತ್ತಿತ್ತು, ಆಟ ಬರೆದವರು ಅದನ್ನೇ ಮಾತು ಮತ್ತು ಡ್ರಮ್ಮಿಗೆ ಬಳಸಿಕೊಂಡರು. 8580ರಲ್ಲಿ ಆ ಸೋರಿಕೆಯನ್ನು ಸರಿಪಡಿಸಿದ್ದರಿಂದ ಉಪಾಯವೂ ಸೊರಗಿತು. ಹಾಗೆಂದು 6581 ತಂದು ಅಲ್ಲಿ ಚುಚ್ಚಬೇಡಿ. ಅದಕ್ಕೆ 12 ವೋಲ್ಟ್ ಬೇಕು, ನಿಮ್ಮ ಬೋರ್ಡ್ ಕೊಡುವುದು 9 ವೋಲ್ಟ್. ಬದಲಿಗೆ, ಆ ಸದ್ದು ಏರಲು, ಹೊರಗಿನ ಧ್ವನಿ ಒಳಬರುವ ಚಿಪ್‌ನ 26ನೆಯ ಪಿನ್ನಿನಿಂದ ಗ್ರೌಂಡಿಗೆ ಒಂದು 330 ಕಿಲೊಓಂ ರೆಸಿಸ್ಟರ್ ಹಾಕಿ. ಕೇಬಲ್‌ನಲ್ಲಿ ನೀವು ಮಾಡಿದ ಜೋಡಣೆ ಹಾಗೆಯೇ ಇರಲಿ, ನಡುವೆ ಬೋರ್ಡಿನ ಕೆಪಾಸಿಟರ್ ಇರುವುದರಿಂದ ಎರಡಕ್ಕೂ ಜಗಳವಿಲ್ಲ. ರೆಸಿಸ್ಟರನ್ನು ಚಿಪ್‌ನ ಕಾಲಿಗೆ ನೇರವಾಗಿ ಬೆಸೆಯದೆ ಬೋರ್ಡಿನ ಅಡಿಯ ಭಾಗದಲ್ಲಿ ಬೆಸೆಯಿರಿ.