ಗ್ರೀಕ್ ಪಾಸ್ತಾ ಸಲಾಡ್ ನಮ್ಮ ಕಲಬುರಗಿ ಬಿಸಲಿಗಿ ಹ್ಯಾಂಗ ಮಾಡೋದ್ರಿ? ಫೆಟಾ ಸಿಗಲ್ಲ, ಫ್ರಿಜ್ಜಿನಾಗ ಇಟ್ರ ಪಾಸ್ತಾ ಬಿರುಸಾಗ್ತದ

ಸೇಡಂ ರೋಡ್ ಅಡಗಿಮನಿ (ಕಲಬುರಗಿ)

ನಮಸ್ಕಾರ್ರಿ ಎಲ್ಲರಿಗೂ. ಏಪ್ರಿಲ್ ಬಂತಂದ್ರ ನಮ್ಮ ಕಡಿ ಸರ್ಕಾರಿ ಆಫೀಸ್ ಮುಂಜಾನಿ 8ಕ್ಕ ಶುರುವಾಗಿ ಮಧ್ಯಾಹ್ನ 1:30ಕ್ಕ ಬಿಡ್ತದ, ನಿಮಗೆಲ್ಲ ಗೊತ್ತೇ ಅದ. ನಾ ಮನಿ ಮುಟ್ಟೋದ್ರಾಗ 2 ಆಗಿರ್ತದ, ಹೊರಗ 42-43 ಡಿಗ್ರಿ, ಆ ಹೊತ್ತಿನ್ಯಾಗ ಗ್ಯಾಸ್ ಮುಂದ ನಿಂದರೋದು ಅಂದ್ರ ಜೀವ ಹೋಗ್ತದ. ನಾವು ದೊಡ್ಡವರು ಮುಂಜಾನಿ ಮಾಡಿಟ್ಟ ರೊಟ್ಟಿ, ಪುಂಡಿಪಲ್ಯ, ಮಜ್ಜಿಗಿ ಅಂತ ಉಣ್ತೀವಿ, ಆದ್ರ ಮಕ್ಕಳು ಈ ಬಿಸಲಿಗಿ ಏನೂ ಬ್ಯಾಡ ಅಂತ ಎದ್ದು ಹೋಗ್ತಾರ.

ಮೊನ್ನೆ ಸಂಬಂಧಿಕರ ಮನ್ಯಾಗ ಗ್ರೀಕ್ ಪಾಸ್ತಾ ಸಲಾಡ್ ಅಂತ ಮಾಡಿದ್ರು. ಸೌತಿಕಾಯಿ, ಟಮಾಟಿ, ಉಳ್ಳಾಗಡ್ಡಿ, ಆಲಿವ್, ಮ್ಯಾಲ ಪನೀರ್ ತುಂಡ, ತಣ್ಣಗಿತ್ತು, ನಮ್ಮ ಹುಡುಗ್ರು ಎರಡೆರಡು ಸಲ ಹಾಕಿಸ್ಕೊಂಡು ತಿಂದ್ವು. ನನಗೂ ಸೇರ್ತು, ಆದ್ರ ಬಟ್ಟಲ ಕೆಳಗ ನೀರು ನಿಂತಿತ್ತು, ಪಾಸ್ತಾ ಜರಾ ಬಿರುಸಾಗಿತ್ತು, ಪನೀರಿಗಿ ರುಚಿನೇ ಇರ್ಲಿಲ್ಲ. ರಾತ್ರಿನೇ ಅರ್ಧ ಕೆಲಸ ಮುಗಿಸಿ ಮರುದಿನ ಮಧ್ಯಾಹ್ನ ತೆಗೆದು ಉಣ್ಣೋ ಹಂಗ ಮಾಡ್ಲಿಕ್ಕ ಬರ್ತದೇನ್ರಿ? ಫೆಟಾ ಚೀಸ್ ಬದ್ಲಿ ಏನು ಹಾಕ್ಬೇಕು? ಮತ್ತ ಡಬ್ಬಿಗಿ ಕಟ್ಟಿ ಕೊಡಬಹುದೇನು? ಅತ್ತಿಯವರಿಗಿ ಬಿಪಿ ಅದ, ಉಪ್ಪು ಕಮ್ಮಿ ಬೇಕು, ಅದಕ್ಕೂ ಏನಾರ ದಾರಿ ಇದ್ರ ಹೇಳ್ರಿ.

ಬೀದರ್ ಕಿಚನ್ (ಬೀದರ್)

ಅಕ್ಕಾರ, ಬಿಲ್ಕುಲ್ ಬರ್ತದ್ರಿ, ಬ್ಯಾಸಿಗ್ಯಾಗ ನಮ್ಮ ಮನ್ಯಾಗ ಇದೇ ರಾತ್ರಿ ಊಟ. ಮೊದಲ ಒಂದು ಮಾತು, ಗ್ರೀಸ್ ದೇಶದ ಹಳ್ಳಿ ಸಲಾಡ್‌ನ್ಯಾಗ ಪಾಸ್ತಾ ಇರೋದೇ ಇಲ್ಲ. ಟಮಾಟಿ, ಸೌತಿಕಾಯಿ, ಉಳ್ಳಾಗಡ್ಡಿ, ದೊಣ್ಣಮೆಣಸಿನಕಾಯಿ, ಆಲಿವ್, ಮ್ಯಾಲ ಫೆಟಾದ ಒಂದು ದಪ್ಪ ಹೋಳು, ಒಣಗಿದ ಓರೆಗಾನೊ (ವಾಸನಿ ಎಲಿ ಪುಡಿ), ಆಲಿವ್ ಎಣ್ಣಿ, ಮುಗೀತು. ಎಲಿ ಸೊಪ್ಪು ಸುದ್ದಾ ಹಾಕಂಗಿಲ್ಲ. ಅದಕ್ಕ ಪಾಸ್ತಾ ಸೇರಿಸಿ ಪಿಕ್ನಿಕ್‌ಗಿ ಒಯ್ಯೋ ರೂಢಿ ಅಮೆರಿಕಾದಾಗ ಭಾಳ ಅದ. ಇದ್ಯಾಕ ಹೇಳಿದೆ ಅಂದ್ರ ಇದರಾಗ ಕಾಯಿಪಲ್ಯನೇ ಮುಖ್ಯ, ಪಾಸ್ತಾ ಅದರ ಜೋಡಿಗಿ ಬರೋದು. ಭಾಳ ಮಂದಿ ಪಾಸ್ತಾ ರಾಶಿ ಹಾಕಿ ನಾಕು ತುಂಡು ಸೌತಿಕಾಯಿ ಒಗಿತಾರ, ಅದಕ್ಕೇ ಒಣಾ ಒಣಾ ಅನಿಸ್ತದ. ಎರಡೂ ಸಮ ಇರ್ಲಿ.

ನಾಕು ಮಂದಿಗಿ 250 ಗ್ರಾಂ ಪಾಸ್ತಾ ಸಾಕು. ತಿರುವಿದ್ದು ಇರ್ತದಲ್ಲ ಫುಸಿಲಿ, ಅದು ತಗೋರಿ, ಆ ಸುರುಳ್ಯಾಗ ಡ್ರೆಸಿಂಗ್ (ಮ್ಯಾಲ ಕಲಸೋ ಎಣ್ಣಿ-ಹುಳಿ) ಹಿಡ್ಕೊಂಡು ಕೂಡ್ತದ. ಪಾಕೀಟಿನ ಮ್ಯಾಲ ಡ್ಯೂರಮ್ ಗೋಧಿ ಅಂತ ಬರ್ದಿರ್ಬೇಕು, ನಮ್ಮ ಬನ್ಸಿ ರವಾ ಬರ್ತದಲ್ಲ ಅದೇ ಜಾತಿ ಗೋಧಿ. ಮೈದಾದ್ದು ತಂದ್ರ ಎರಡನೇ ದಿನಕ್ಕ ಅಂಟಂಟಾಗಿ ಮುದ್ದಿ ಆಗ್ತದ. ಎರಡೂವರೆ ಲೀಟರ್ ನೀರು ಕುದಿಸಿ ಒಂದೂವರೆ ದೊಡ್ಡ ಚಮಚ ಉಪ್ಪು ಹಾಕ್ರಿ.

ಈಗ ನೀವು ಕೇಳಿದ ಬಿರುಸು. ಬಿಸಿ ಬಿಸಿ ತಿನ್ನೋ ಪಾಸ್ತಾಕ್ಕ ಹಲ್ಲಿಗಿ ಜರಾ ಗಟ್ಟಿ ಹತ್ತೋ ಹಂಗ ಬೇಯಿಸ್ತಾರ, ಆದ್ರ ಸಲಾಡಿಗಿ ಅದು ನಡ್ಯಂಗಿಲ್ಲ. ನಿನ್ನಿ ಅನ್ನ ಫ್ರಿಜ್ಜಿನಾಗ ಇಟ್ರ ಕಾಳು ಕಾಳು ಬಿರುಸಾಗ್ತದಲ್ಲ, ಪಾಸ್ತಾದ್ದೂ ಅದೇ ಕಥಿ, ತಣ್ಣಗಾದಂಗ ಅದರ ಪಿಷ್ಟ ಮತ್ತ ಬಿಗಿ ಆಗ್ತದ. ಅದಕ್ಕ ಪಾಕೀಟಿನ ಮ್ಯಾಲ ಬರ್ದಿದ್ದಕ್ಕಿಂತ 2 ನಿಮಿಷ ಜಾಸ್ತಿ ಬೇಯಿಸ್ರಿ, ಬಿಸಿ ಇದ್ದಾಗ ಮೆತ್ತಗಾತು ಅನಿಸ್ತದ, ತಣ್ಣಗಾದ ಮ್ಯಾಲ ಬರೋಬ್ಬರಿ ಆಗ್ತದ. ಬಸಿದು ತಣ್ಣೀರಾಗ ತೊಳೀರಿ, ಮ್ಯಾಲಿನ ಗಂಜಿ ಹೋಗ್ತದ, ಒಂದಕ್ಕೊಂದು ಅಂಟಂಗಿಲ್ಲ.

ನೀರು ನಿಲ್ಲೋದು ಟಮಾಟಿ ಸೌತಿಕಾಯಿಂದ. ಸೌತಿಕಾಯಿ ಎರಡು ಸೀಳಿ ಬೀಜದ ಭಾಗ ಚಮಚದ್ಲೆ ಕೆರೆದು ತೆಗೀರಿ, ಹೆಚ್ಚಿ ಅರ್ಧ ಚಮಚ ಉಪ್ಪು ಹಚ್ಚಿ ಜರಡಿ ಮ್ಯಾಲ 20 ನಿಮಿಷ ಬಿಟ್ರ ಎಷ್ಟು ನೀರು ಇಳೀತದ ನೋಡ್ರಿ. ಟಮಾಟಿ ಗಟ್ಟಿದ್ದು ತಗೊಂಡು ಒಳಗಿನ ತಿರುಳು ಸಾರಿಗಿ ಇಟ್ಕೋರಿ. ಇಷ್ಟು ಮಾಡಿದ್ರೂ ಟಮಾಟಿ ಮಾತ್ರ ರಾತ್ರಿ ಹಾಕ್ಬ್ಯಾಡ್ರಿ, ಉಣ್ಣೋ ಹೊತ್ತಿಗಿ ಹೆಚ್ಚಿ ಹಾಕ್ರಿ.

ಫೆಟಾ ಬೇಕೇ ಬೇಕಂದ್ರ ನಾವು ಹೈದರಾಬಾದಿಗಿ ಹೋದಾಗ ತರ್ತೀವಿ, ಆದ್ರ ರೊಕ್ಕ ಭಾಳ. ಅದು ಕುರಿ ಹಾಲಿಂದು, ಹೆಚ್ಚಂದ್ರ 30 ಪರ್ಸೆಂಟ್ ತನಕ ಆಡಿನ ಹಾಲು ಸೇರಿಸಬಹುದು, ಕಮ್ಮಿ ಅಂದ್ರ ಎರಡು ತಿಂಗಳು ಹದಕ್ಕ ಬರಲಿಕ್ಕ ಬಿಡ್ತಾರ, ಇಡೋದು ಉಪ್ಪುನೀರಾಗ. 2002ರಿಂದ ಯುರೋಪಿನ್ಯಾಗ ಗ್ರೀಸ್ ಒಳಗ ಮಾಡಿದ್ದಕ್ಕಷ್ಟೇ ಆ ಹೆಸರು. ಆ ಹುಳಿ ಆ ಉಪ್ಪು ಪನೀರಿನ್ಯಾಗ ತಾನಾಗೇ ಬರಂಗಿಲ್ಲ, ನಾವೇ ಹತ್ತಿಸ್ಬೇಕು. 150 ಗ್ರಾಂ ಪನೀರ್ ಸಣ್ಣ ತುಂಡ ಮಾಡಿ, ಒಂದು ಗ್ಲಾಸ್ ನೀರಿಗಿ ಒಂದೂವರೆ ಚಮಚ ಉಪ್ಪು, ಅರ್ಧ ಲಿಂಬಿಕಾಯಿ ರಸ, ಎರಡು ದೊಡ್ಡ ಚಮಚ ಹುಳಿ ಮಜ್ಜಿಗಿ ಹಾಕಿ ಅದರಾಗ ರಾತ್ರಿಪೂರ್ತಿ ಫ್ರಿಜ್ಜಿನಾಗ ಮುಳುಗಿಸಿ ಇಡ್ರಿ. ಫೆಟಾ ಆಗಂಗಿಲ್ಲ ಆದ್ರ ಸಪ್ಪಗ ಇರಂಗಿಲ್ಲ, ಮಕ್ಕಳು ಬರೇ ಅದನ್ನೇ ಆರಿಸಿ ತಿಂತಾವ.

ಪಾಸ್ತಾ ಪ್ರೇಮಿ (ಕಲಬುರಗಿ)

ಎಲ್ಲಾ ಖರೆ, ಆದ್ರ ತೊಳಿಯೋದು ನಾ ಒಪ್ಪಂಗಿಲ್ಲ. ತೊಳದ್ರ ಡ್ರೆಸಿಂಗ್ ಹಿಡಿಯಂಗಿಲ್ಲ, ರುಚಿ ನೀರಿನ್ಯಾಗ ಹೋಗ್ತದ. ಬಸಿದು ಪರಾತದಾಗ ಹರವಿ ಎರಡು ಚಮಚ ಎಣ್ಣಿ ಹಚ್ಚಿ ಫ್ಯಾನ್ ಕೆಳಗ ಆರಿಸ್ರಿ, ಬೆಚ್ಚಗಿದ್ದಾಗಲೇ ಅರ್ಧ ಡ್ರೆಸಿಂಗ್ ಕಲಸ್ರಿ, ಒಳಗ ಇಳೀತದ.

ಯಾದಗಿರಿ ಮೇಡಂ (ಯಾದಗಿರಿ)

ನಾನು ಕಾಲೇಜಿನಲ್ಲಿ ಮೈಕ್ರೋಬಯಾಲಜಿ ಕಲಿಸ್ತೀನಿ, ಅದಕ್ಕೆ ಈ ತೊಳೆಯೋ ವಿಷಯಕ್ಕೆ ನಡುವೆ ಬರಬೇಕು ಅನಿಸ್ತು. ತಂಪು ಊರಲ್ಲಿ ಫ್ಯಾನ್ ಕೆಳಗೆ ಆರಿಸೋದು ಸರಿ, ನಮ್ಮ ಅಡುಗೆಮನೆಯಲ್ಲೇ ಮಧ್ಯಾಹ್ನ 38-40 ಇರುವಾಗ ಫ್ಯಾನು ಪಾಸ್ತಾನ ಅದಕ್ಕಿಂತ ಕೆಳಗೆ ಇಳಿಸೋದಿಲ್ಲ, ಆ ಬೆಚ್ಚಗಿನ ಹದದಲ್ಲೇ ಕೂತಿರುತ್ತೆ. ಬೆಂದ ಅನ್ನ ಪಾಸ್ತಾ ಇಂಥದ್ದರಲ್ಲಿ ಬ್ಯಾಸಿಲಸ್ ಸೀರಿಯಸ್ ಅಂತ ಒಂದು ಬ್ಯಾಕ್ಟೀರಿಯಾ ಬೆಳೆಯುತ್ತೆ, ಅದರ ಬೀಜಕಗಳು ಕುದಿಸಿದ್ರೂ ಸಾಯೋದಿಲ್ಲ, ವಾಂತಿ ಮಾಡಿಸುವ ಅದರ ವಿಷ ಮತ್ತೆ ಬಿಸಿ ಮಾಡಿದ್ರೂ ಹೋಗೋದಿಲ್ಲ. ಬೇಗ ತಣ್ಣಗೆ ಮಾಡಿ ಬೇಗ ಫ್ರಿಜ್ಜಿಗೆ ಹಾಕೋದೊಂದೇ ಉಪಾಯ. ಹಾಗಾಗಿ ತೊಳೀರಿ, ಆದ್ರೆ ನಲ್ಲಿ ನೀರಲ್ಲಿ ಬೇಡ. ಟೆರೇಸ್ ಮೇಲಿನ ಟ್ಯಾಂಕಿನ ನೀರು ಈಗ ಕೈ ಸುಡ್ತದೆ, ಮೇಲಾಗಿ ಬೆಂದ ಆಹಾರಕ್ಕೆ ಮತ್ತೆ ಹಸಿ ನೀರು ತಾಗಿಸಬಾರದು. ಫಿಲ್ಟರ್ ನೀರು ಮೊದಲೇ ಎರಡು ಬಾಟಲಿ ಫ್ರಿಜ್ಜಲ್ಲಿ ತಣ್ಣಗೆ ಮಾಡಿಟ್ಟುಕೊಂಡು ಅದರಿಂದ ತೊಳೀರಿ, ಚೆನ್ನಾಗಿ ಬಸಿದು ಅಗಲವಾದ ಡಬ್ಬಿಯಲ್ಲಿ ತೆಳ್ಳಗೆ ಹರಡಿ ಇಡಿ. ರುಚಿ ಹೋಗುತ್ತೆ ಅನ್ನೋರು ತೊಳೆದ ತಕ್ಷಣ ಸ್ವಲ್ಪ ಡ್ರೆಸಿಂಗ್ ಕಲಸಿ ಇಟ್ಟರೆ ರಾತ್ರಿಯೆಲ್ಲಾ ಹೀರಿಕೊಳ್ಳುತ್ತೆ.

ಫ್ರಿಜ್ 5 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ ಇರಲಿ, ಬೇಸಿಗೆಯಲ್ಲಿ ಬಾಗಿಲು ತೆಗೆದು ಹಾಕಿ ಮಾಡ್ತೀವಲ್ಲ, ಡಯಲ್ ಜಾಸ್ತಿ ತಿರುಗಿಸಿ. ಹೊರಗೆ ತೆಗೆದ ಮೇಲೆ ಮಾಮೂಲಿ ಲೆಕ್ಕ 2 ಗಂಟೆ, 32 ಡಿಗ್ರಿ ಮೇಲಿದ್ದರೆ 1 ಗಂಟೆ ಮಾತ್ರ. ಅಂದ್ರೆ ನಮ್ಮ ಊರುಗಳಲ್ಲಿ ಮೇ ತಿಂಗಳು ಪೂರ್ತಿ 1 ಗಂಟೆ ಅಂತಲೇ ತಿಳೀರಿ. ಡಬ್ಬಿಗೆ ಕಟ್ಟೋದಾದ್ರೆ ಐಸ್ ಪ್ಯಾಕ್ ಜೊತೆ ದಪ್ಪ ಬ್ಯಾಗಲ್ಲಿ ಕಟ್ಟಿ, ಇಲ್ಲಾಂದ್ರೆ ದಯವಿಟ್ಟು ಕಟ್ಟಬೇಡಿ, ಮಕ್ಕಳ ವಿಷಯ. ಕರೆಂಟು ತಾಸುಗಟ್ಟಲೆ ಹೋಗೋ ದಿನ ಮಾಡಲೇಬೇಡಿ ಅಂತ ನನ್ನ ಅಭಿಪ್ರಾಯ. ಎರಡು ದಿನದೊಳಗೆ ಮುಗಿಸಿ.

ಗಾಣದೆಣ್ಣಿ (ಚಿತ್ತಾಪುರ)

ಎಲ್ಲಾರೂ ಆಲಿವ್ ಎಣ್ಣಿ ಅಂತೀರಿ, ಖರೆ, ಗ್ರೀಕ್ ರುಚಿಗಿ ಅದು ಬೇಕು, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಫ್ರಿಜ್ಜಿನಾಗ ಇಟ್ಟಾಗ ಆಲಿವ್ ಎಣ್ಣಿ ಹೆಪ್ಪುಗಟ್ತದ, ಶೇಂಗಾ ಎಣ್ಣೀನೂ ದಪ್ಪ ಆಗ್ತದ, ತೆಗೆದ ಕೂಡ್ಲೆ ತಿಂದ್ರ ಬಾಯಾಗ ಮೇಣ ಹತ್ತಿದಂಗ ಆಗ್ತದ. ಕುಸುಬಿ ಎಣ್ಣಿ ತಂಪಿನ್ಯಾಗ ಗಟ್ಟಿ ಆಗಂಗಿಲ್ಲ. ನಮ್ಮ ಎರಿ ಹೊಲದಾಗ ಜ್ವಾಳದ ಜೋಡಿ ಬೆಳದಿದ್ದು, ಗಾಣದ್ದು ತಂದ್ರ ವಾಸನಿನೂ ಛಲೋ ಇರ್ತದ. ನಾಕು ದೊಡ್ಡ ಚಮಚ ಕುಸುಬಿ ಎಣ್ಣಿ, ಎರಡು ಚಮಚ ಆಲಿವ್ ಎಣ್ಣಿ, ಎರಡು ಚಮಚ ಲಿಂಬಿಕಾಯಿ ರಸ, ಒಂದು ಬಳ್ಳೊಳ್ಳಿ ಎಸಳು ಜಜ್ಜಿದ್ದು, ಮೆಣಸಿನ ಪುಡಿ, ಒಂದು ಸಣ್ಣ ಚಮಚ ಓರೆಗಾನೊ, ಮುಚ್ಚಳ ಇರೋ ಬಾಟಲ್ಯಾಗ ಹಾಕಿ ಅಲುಗಾಡಿಸ್ರಿ. ಮೂರು ಪಾಲು ಎಣ್ಣಿ ಒಂದು ಪಾಲು ಹುಳಿ, ಆದ್ರ ತಂಪು ಊಟಕ್ಕ ರುಚಿ ಕಮ್ಮಿ ಹತ್ತತದ, ಹುಳಿ ಜರಾ ಮುಂದ ಇರ್ಲಿ.

ಓರೆಗಾನೊ ಮುಗದಿದ್ರ ಕುಂಡ್ಯಾಗಿನ ದೊಡ್ಡಪತ್ರಿ ಎಲಿ ಒಂದು ಸಣ್ಣಗ ಹೆಚ್ಚಿ ಹಾಕ್ರಿ, ಒಂದೇ ಎಲಿ ಸಾಕು, ಘಾಟು ಭಾಳ. ಓರೆಗಾನೊದ್ದೂ ದೊಡ್ಡಪತ್ರಿದ್ದೂ ವಾಸನಿ ಭಾಳ ಮಟ್ಟಿಗಿ ಬರೋದು ಕಾರ್ವಕ್ರಾಲ್ ಅನ್ನೋ ಎಣ್ಣಿ ಅಂಶದಿಂದ. ಪುದೀನಾನೂ ಹೊಂದ್ತದ.

ಬೀದರ್ ಕಿಚನ್

ಕುಸುಬಿ ಎಣ್ಣಿ ಮಾತು ನನಗ ತಲಿಗೇ ಬಂದಿರ್ಲಿಲ್ಲ, ಭಾಳ ಛಲೋ ಹೇಳಿದ್ರಿ ಅಣ್ಣಾರ. ಮೇಡಂ ಹೇಳಿದ ಫಿಲ್ಟರ್ ನೀರಿನ ಮಾತೂ ಎಲ್ಲಾರೂ ಗಮನಿಸ್ರಿ.

ಆಲಿವ್ ಬಗ್ಗಿ ಬರೀಲಿಕ್ಕ ಮರ್ತಿದ್ದೆ. ಇಲ್ಲಿ ಬಾಟಲ್ಯಾಗ ಸಿಗೋ ದುಂಡನ ಕರೀ ಆಲಿವ್ ಭಾಳ ಮಟ್ಟಿಗಿ ಸ್ಪೇನಿನವು, ಅವಕ್ಕ ಹುಳಿ ಇರಂಗಿಲ್ಲ. ಗ್ರೀಸಿನ ಕಲಮಾತಾ ಆಲಿವ್ ಜಾಂಬಳಿ ಬಣ್ಣ, ಚೂಪು ತುದಿ, ರುಚಿ ಖಡಕ್. ಇಲ್ಲಿನ ಕರೀ ಆಲಿವ್ ತಂದ್ರ ತೊಳದು ಎರಡು ಸೀಳು ಮಾಡಿ ಲಿಂಬಿರಸ, ಬಳ್ಳೊಳ್ಳಿ, ಚೂರು ಎಣ್ಣಿ ಹಾಕಿ ಎರಡು ತಾಸು ನೆನೆಯಲಿಕ್ಕ ಬಿಡ್ರಿ, ಫರಕ್ ಗೊತ್ತಾಗ್ತದ. ಆಲಿವ್ ಸೇರದವರಿಗಿ ಮಾವಿನಕಾಯಿ ಸಣ್ಣ ತುಂಡ ಹಾಕ್ರಿ, ಅದಿನ್ನು ಗ್ರೀಕ್ ಉಳಿಯಂಗಿಲ್ಲ ಆದ್ರ ಈ ಋತುವಿಗಿ ಅದರಷ್ಟು ರುಚಿ ಮತ್ಯಾವುದೂ ಇಲ್ಲ.

ಸೇಡಂ ರೋಡ್ ಅಡಗಿಮನಿ

ಇಷ್ಟೆಲ್ಲ ಯಾರು ಕುಂತು ಬರ್ದು ಕೊಡ್ತಾರ್ರಿ, ಎಲ್ಲರಿಗೂ ಭಾಳ ಥ್ಯಾಂಕ್ಸ್. ಹಂಗಾರ ರಾತ್ರಿ ಪಾಸ್ತಾ ಬೇಯಿಸಿ ತಣ್ಣೀರಾಗ ತೊಳದು ಅರ್ಧ ಡ್ರೆಸಿಂಗ್ ಹಚ್ಚಿ ಇಡೋದು, ಪನೀರ್ ಬ್ಯಾರೆ ಡಬ್ಬ್ಯಾಗ ನೆನಸೋದು, ದೊಣ್ಣಮೆಣಸಿನಕಾಯಿ ಆಲಿವ್ ಹೆಚ್ಚಿಡೋದು, ಮಧ್ಯಾಹ್ನ ಬಂದು ಟಮಾಟಿ ಸೌತಿಕಾಯಿ ಉಳ್ಳಾಗಡ್ಡಿ ಕಲಸೋದು. ಇದು ಹತ್ತು ನಿಮಿಷದ ಕೆಲಸ, ಗ್ಯಾಸ್ ಹಚ್ಚೋದೇ ಬ್ಯಾಡ. ಅತ್ತಿಯವರ ಉಪ್ಪಿನ ವಿಚಾರ ಒಂದು ಉಳೀತು. ಮತ್ತ ಇದರಾಗ ಹೊಟ್ಟಿ ತುಂಬ್ತದೇನು, ಮಕ್ಕಳು ಮತ್ತ ನಾಕಕ್ಕ ಹಸಿವು ಅಂತಾರ.

ಯಾದಗಿರಿ ಮೇಡಂ

ಅತ್ತೆಯವರ ಪಾಲು ಬೇರೆ ಕಲಸಿ. ಈ ಸಲಾಡಲ್ಲಿ ಉಪ್ಪು ನಾಲ್ಕು ಕಡೆಯಿಂದ ಬರುತ್ತೆ, ಪಾಸ್ತಾ ಕುದಿಸೋ ನೀರು, ಪನೀರ್ ನೆನೆಸಿದ ನೀರು, ಆಲಿವ್, ಸೌತೆಕಾಯಿಗೆ ಹಚ್ಚಿದ್ದು. ಮನೆಮಂದಿಗೆಲ್ಲ ಪಾಸ್ತಾ ಉಪ್ಪಿಲ್ಲದೆ ಬೇಯಿಸಿ, ಉಪ್ಪು ಬೇಕಾದವರು ಡ್ರೆಸಿಂಗಲ್ಲಿ ಹಾಕಿಕೊಳ್ಳಲಿ. ಅವರಿಗೆ ಉಪ್ಪುನೀರಿನ ಪನೀರ್ ಬೇಡ, ಸಾದಾ ಪನೀರಿಗೆ ಲಿಂಬೆರಸ, ಮೆಣಸು, ಓರೆಗಾನೊ ಹಚ್ಚಿಡಿ. ಆಲಿವ್ ಬಿಟ್ಟೇ ಬಿಡಿ ಅಥವಾ ನೀರಲ್ಲಿ ಅರ್ಧ ಗಂಟೆ ನೆನೆಸಿ ಎರಡು ಮೂರು ಹಾಕಿ. ಸೌತೆಕಾಯಿಗೆ ಉಪ್ಪು ಹಚ್ಚದೆ ಬೀಜ ತೆಗೆದು ಆಗಲೇ ಹೆಚ್ಚಿದ್ರೆ ಸಾಕು, ನೀರು ಬಿಡೋ ಮೊದಲೇ ಅವರು ಊಟ ಮುಗಿಸಿರ್ತಾರೆ. ಹುಳಿ ಮುಂದಿದ್ದರೆ ಉಪ್ಪು ಕಮ್ಮಿ ಅಂತ ನಾಲಿಗೆಗೆ ಅಷ್ಟಾಗಿ ಗೊತ್ತಾಗೋದಿಲ್ಲ.

ಗಾಣದೆಣ್ಣಿ

ಹೊಟ್ಟಿ ತುಂಬ್ಲಿಕ್ಕ ಕಾಬೂಲಿ ಕಡ್ಲಿ ಹಾಕ್ರಿ ಅಕ್ಕಾರ, ಒಂದು ಬಟ್ಟಲ ರಾತ್ರಿ ನೆನಸಿ ಮುಂಜಾನಿ ಕುಕ್ಕರಿನ್ಯಾಗ ನೀವು ಆಫೀಸಿಗಿ ತಯಾರ ಆಗೋದ್ರಾಗ ಬೇಯ್ತದ, ಬಸಿದು ತಣ್ಣಗ ಮಾಡಿ ಫ್ರಿಜ್ಜಿಗಿ ಹಾಕಿ ಹೋಗ್ರಿ. ಗ್ರೀಸಿನವರೂ ಕಡ್ಲಿ ಛಲೋನೇ ತಿಂತಾರ, ಹೊಂದಂಗಿಲ್ಲ ಅಂತಿಲ್ಲ. ಪಾಸ್ತಾ 250 ಇದ್ದದ್ದು 180ಕ್ಕ ಇಳಿಸ್ರಿ, ಕಡ್ಲಿ ಆ ಜಾಗ ತುಂಬ್ತದ, ಸಂಜಿ ತನಕ ಯಾರೂ ಏನೂ ಕೇಳಂಗಿಲ್ಲ.

ಪಾಸ್ತಾ ಪ್ರೇಮಿ

ತೊಳಿಯೋದ್ರ ಬಗ್ಗಿ ಮೇಡಂ ಹೇಳಿದ್ದು ಒಪ್ಪಿದೆ, ಈ ಬಿಸಲಾಗ ಅದೇ ಬರೋಬ್ಬರಿ. ಒಂದೇ ಸೇರಿಸ್ತೀನಿ, ಉಳ್ಳಾಗಡ್ಡಿ ತೆಳ್ಳಗ ಹೆಚ್ಚಿ ಐಸ್ ನೀರಾಗ ಹತ್ತು ನಿಮಿಷ ಬಿಡ್ರಿ, ಬ್ಯಾಸಿಗಿ ಉಳ್ಳಾಗಡ್ಡಿ ಖಾರ ಭಾಳ ಇರ್ತದ, ಅದು ಇಳದು ಕರಂ ಕರಂ ಆಗ್ತದ. ಉಳಿದ ಅರ್ಧ ಡ್ರೆಸಿಂಗ್ ತಾಟಿಗಿ ಬಡಸೋ ಮುಂದನೇ ಹಾಕ್ರಿ, ಮೊದಲೇ ಹಾಕಿದ್ರ ಪಾಸ್ತಾ ಪೂರ್ತಿ ಕುಡದು ಒಣಗ್ತದ.