ಸ್ಟೆಂಟ್ ಹಾಕಿಸಿಕೊಂಡ ಮೇಲೆ ಮತ್ತೆ ಭಾರ ಎತ್ತಬಹುದಾ?

ನಿಟುವಳ್ಳಿಯಿಂದ ಒಬ್ಬರು ಕೇಳಿದ್ದು: ವಯಸ್ಸು 46. ಎರಡು ತಿಂಗಳ ಹಿಂದೆ ಆಂಜಿಯೋಪ್ಲಾಸ್ಟಿ ಆಗಿ ಹೃದಯದ ರಕ್ತನಾಳದಲ್ಲಿ ಒಂದು ಸ್ಟೆಂಟ್ (ನಾಳವನ್ನು ತೆರೆದಿಡುವ ಸಣ್ಣ ಜಾಲರಿ ಕೊಳವೆ) ಹಾಕಿದ್ದಾರೆ. ಮೊದಲು ವರ್ಷಗಟ್ಟಲೆ ಜಿಮ್‌ಗೆ ಹೋಗುತ್ತಿದ್ದೆ. ಡಾಕ್ಟರು ವಾಕಿಂಗ್ ಮಾಡಿ ಅಂದರು, ಭಾರದ ಮಾತು ಬರಲಿಲ್ಲ. ಮನೆಯಲ್ಲಿ ಡಂಬೆಲ್ ಮುಟ್ಟಲೂ ಬಿಡುತ್ತಿಲ್ಲ. ಮತ್ತೆ ಶುರು ಮಾಡಿದವರು ಇದ್ದರೆ ಹೇಳಿ.

ದಾವಣಗೆರೆ ವಿದ್ಯಾನಗರದಿಂದ:
ಅಣ್ಣಾ, ನನಗೂ ಸ್ಟೆಂಟ್ ಇದೆ, ಈಗಲೂ ಭಾರ ಎತ್ತುತ್ತೇನೆ. ಡಾಕ್ಟರ ಹತ್ತಿರ ಹೋಗಿ ಸುಮ್ನೆ ‘ಎಕ್ಸರ್‌ಸೈಜ್ ಮಾಡಬಹುದಾ’ ಅಂತ ಕೇಳಿದರೆ ವಾಕಿಂಗ್ ಅಂತಲೇ ಹೇಳುತ್ತಾರೆ. ಬೆಂಚ್ ಪ್ರೆಸ್ ಎಷ್ಟು ಕೆಜಿ, ಸ್ಕ್ವಾಟ್ ಎಷ್ಟು ಕೆಜಿ ಮಾಡುತ್ತಿದ್ದಿರಿ ಅಂತ ಚೀಟಿಯಲ್ಲಿ ಬರೆದುಕೊಂಡು ಹೋಗಿ. ನನಗೆ ಎಕೋ (ಹೃದಯದ ಸ್ಕ್ಯಾನ್), ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ಇಸಿಜಿ ನೋಡುವುದು) ಎರಡೂ ಮಾಡಿಸಿ ನೋಡಿದ ಮೇಲೇ ಒಪ್ಪಿಗೆ ಸಿಕ್ಕಿತು.

ಮೊದಲು ಎತ್ತುತ್ತಿದ್ದ ಭಾರದಲ್ಲಿ ಮೂರನೇ ಒಂದು ಪಾಲಿನಿಂದ ಶುರು ಮಾಡಿದೆ. ಸೆಟ್‌ಗೆ 10ರಿಂದ 15 ಸಲ. ಕೊನೆಯ ಸಲವೂ ಒದ್ದಾಡದೆ ಮೇಲೇಳಬೇಕು.

ಎಲ್ಲಕ್ಕಿಂತ ಮುಖ್ಯ ಉಸಿರು. ನಮ್ಮದು ಗರಡಿ ಮನೆಗಳ ಊರು, ದಮ್ಮು ಕಟ್ಟಿ ಎತ್ತುವುದನ್ನು ಚಿಕ್ಕವರಿದ್ದಾಗಿಂದ ನೋಡಿದ್ದೇವೆ ಅಲ್ವಾ? ಹಾಗೆ ದಮ್ಮು ಕಟ್ಟಿದರೆ ಬಿಪಿ ಒಮ್ಮೆಲೇ ಏರುತ್ತದೆ. ಈಗ ನಾನು ರಾಡ್ ಮೇಲಕ್ಕೆ ತಳ್ಳುವಾಗ ಬಾಯಿಂದ ‘ಹೂ’ ಅಂತ ಉಸಿರು ಬಿಡುತ್ತೇನೆ, ಇಳಿಸುವಾಗ ಮೂಗಿನಿಂದ ಎಳೆದುಕೊಳ್ಳುತ್ತೇನೆ. ಆ ಸದ್ದು ಪಕ್ಕದವರಿಗೂ ಕೇಳಿಸಬೇಕು. ಸದ್ದು ನಿಂತರೆ ಭಾರ ಜಾಸ್ತಿ ಆಯಿತು ಅಂತಲೇ ಲೆಕ್ಕ, ಪ್ಲೇಟ್ ತೆಗೆದುಬಿಡಿ. ಬೆರಳು ಬೆಳ್ಳಗಾಗುವಷ್ಟು ಬಿಗಿಯಾಗಿ ರಾಡ್ ಹಿಡಿಯುವುದೂ ಬೇಡ.

ಕೈಗೆ ಕಟ್ಟಿದ ವಾಚನ್ನೇ ನಂಬಿ ಕೂರಬೇಡಿ. ಮೆಟೊಪ್ರೊಲಾಲ್ ಥರದ ಮಾತ್ರೆ ತಗೊಳ್ಳುತ್ತಿದ್ದರೆ ನಾಡಿ ಮೊದಲಿನಷ್ಟು ಏರುವುದಿಲ್ಲ. ಅದು ಕಡಿಮೆ ತೋರಿಸಿದರೂ ಮೈ ದಣಿದಿರುತ್ತದೆ. ಸೆಟ್ ಮುಗಿದ ತಕ್ಷಣ ಒಂದು ಪೂರ್ತಿ ವಾಕ್ಯ ಮಾತಾಡಲು ಆಗಬೇಕು, ನನ್ನ ಅಳತೆ ಅಷ್ಟೇ. ಕೊನೆಗೆ 10 ನಿಮಿಷ ನಿಧಾನವಾಗಿ ನಡೆಯಿರಿ. ದಿಢೀರ್ ಅಂತ ನಿಲ್ಲಿಸಿದರೆ ತಲೆ ಸುತ್ತುತ್ತದೆ.

ಚಿತ್ರದುರ್ಗದಿಂದ:
ನಮ್ಮಪ್ಪನಿಗೆ ಆಗಿದ್ದು ಬೈಪಾಸ್. ಇದನ್ನು ಓದುವ ಬೈಪಾಸಿನವರು ಸ್ಟೆಂಟಿನವರ ಲೆಕ್ಕ ಹಿಡಿಯಬೇಡಿ. ಕೊಯ್ದ ಎದೆಮೂಳೆ ಕೂಡಿಕೊಳ್ಳಲು ಎರಡು ಮೂರು ತಿಂಗಳು ಬೇಕು. ಅಷ್ಟು ದಿನ ಅಪ್ಪನಿಗೆ ನೀರಿನ ಕೊಡ ಎತ್ತಲೂ ಬಿಡಲಿಲ್ಲ. ಕೈ ಊರದೆ ಕುರ್ಚಿಯಿಂದ ಏಳುವುದು, ಕೂರುವುದು, ಇಷ್ಟೇ ಕಾಲಿಗೆ ಕಸರತ್ತು. ಈಗ ಕೋಟೆಯ ಮೆಟ್ಟಿಲನ್ನು ನಿಂತು ನಿಂತು ಹತ್ತುತ್ತಾರೆ.

ದಾವಣಗೆರೆ ಪಿ.ಜೆ. ಬಡಾವಣೆಯಿಂದ:
ನಮ್ಮ ಯಜಮಾನರಿಗೂ ಸ್ಟೆಂಟ್ ಹಾಕಿದಾಗ ನಾನೇ ಜಿಮ್ ಬೇಡ ಅಂತ ಹಟ ಹಿಡಿದಿದ್ದೆ. ಡಾಕ್ಟರು ನನ್ನನ್ನೇ ಎದುರು ಕೂರಿಸಿ ವಿವರಿಸಿದ ಮೇಲೆ ಧೈರ್ಯ ಬಂತು. ತಮ್ಮಾ, ಮುಂದಿನ ಸಲ ನಿನ್ನ ಹೆಂಡತಿಯನ್ನೂ ಕರೆದುಕೊಂಡು ಹೋಗು. ರಕ್ತ ತೆಳು ಮಾಡುವ ಮಾತ್ರೆ ಇರುವುದರಿಂದ ಸಣ್ಣ ಪೆಟ್ಟಿಗೂ ಮೈ ನೀಲಿಗಟ್ಟುತ್ತದೆ. ಅದನ್ನು ನೋಡಿ ಹೆದರಿ ನೀನೇ ಮಾತ್ರೆ ಬಿಡಬೇಡ, ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟುವ ಅಪಾಯ ಇದೆ. ಎದೆ ಬಿಗಿದ ಹಾಗೆ, ದವಡೆಗೋ ಎಡಗೈಗೋ ನೋವು ಇಳಿದ ಹಾಗೆ ಆದರೆ ಭಾರ ಅಲ್ಲೇ ಇಟ್ಟು ಕೂತುಕೋ. ಕಡಿಮೆ ಆಗದಿದ್ದರೆ ಬೈಕ್ ಹತ್ತಬೇಡ, 108ಕ್ಕೆ ಫೋನ್ ಮಾಡಿಸು. ಜಿಮ್ ಹುಡುಗರಿಗೂ ನಿನಗೆ ಸ್ಟೆಂಟ್ ಇರುವುದು ಗೊತ್ತಿರಲಿ.