ಹಳೆಯ ಚೇತಕ್‌ಗೆ ಹೊಸ ವೈರಿಂಗ್ ಕಿಟ್ ಮನೆಯಲ್ಲೇ ಕಟ್ಟಬಹುದೇ?

ಪ್ರಶ್ನೆ: ಚಿಂಚವಡದ ಸವಾರ

ನಮಸ್ಕಾರ. ನಮ್ಮ ತಂದೆಯವರು ಬಳಸುತ್ತಿದ್ದ ಎರಡು ಸ್ಟ್ರೋಕಿನ ಬಜಾಜ್ ಚೇತಕ್ ಈಗ ನನ್ನ ಕೈಗೆ ಬಂದಿದೆ. ಪಾಯಿಂಟ್ ಇಲ್ಲದ, ಸಿಡಿಐ (ಪ್ಲಗ್ಗಿಗೆ ಕಿಡಿ ಕೊಡುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಇರುವ 12 ವೋಲ್ಟಿನ ಗಾಡಿ, ಬ್ಯಾಟರಿ ಇಲ್ಲ. ಪೇಂಟ್ ಮಾಡಿಸಲು ಬಾಡಿ ಬಿಚ್ಚಿದಾಗ ವೈರಿಂಗ್‌ನ ಸ್ಥಿತಿ ಕಣ್ಣಿಗೆ ಬಿತ್ತು. ವೈರನ್ನು ಸ್ವಲ್ಪ ಬಾಗಿಸಿದರೂ ಮೇಲಿನ ಹೊದಿಕೆ ಬಿರುಕು ಬಿಡುತ್ತದೆ, ಹ್ಯಾಂಡಲ್ ಹತ್ತಿರ ಎಲ್ಲ ಬಣ್ಣಗಳೂ ಮಾಸಿ ಒಂದೇ ಆಗಿವೆ, ಹಿಂದೆ ಯಾರೋ ಮೆಕ್ಯಾನಿಕ್ ಟೇಪು ಸುತ್ತಿದ ಕಡೆಯಲ್ಲೆಲ್ಲ ಅಂಟು ಇಳಿದು ಮಣ್ಣು ಮೆತ್ತಿಕೊಂಡಿದೆ.

ಪುಣೆಯ ನಾನಾ ಪೇಠೆಯಲ್ಲಿ ಸಿದ್ಧ ಕಿಟ್ ಸಿಗುತ್ತದೆ. ಆದರೆ ಗಾಡಿಗೆ ಚಿಕ್ಕದೊಂದು ಬ್ಯಾಟರಿ, ಡಿಸಿ ಹಾರ್ನ್, ಎಲ್‌ಇಡಿ ಇಂಡಿಕೇಟರ್ ಮತ್ತು ಮೊಬೈಲ್ ಚಾರ್ಜ್ ಮಾಡುವ ಸಾಕೆಟ್ ಸೇರಿಸಬೇಕೆಂಬ ಆಸೆಯಿರುವುದರಿಂದ, ಇಡೀ ಹಾರ್ನೆಸ್ಸನ್ನು (ಗಾಡಿಯ ವೈರುಗಳ ಕಟ್ಟನ್ನು) ನಾನೇ ಕಟ್ಟಬೇಕೆಂದಿದ್ದೇನೆ. ಮಲ್ಟಿಮೀಟರ್ ಬಳಸಲು ಬರುತ್ತದೆ, ಬೆಸುಗೆ ಹಾಕಲೂ ಬರುತ್ತದೆ. ಯಾವ ದಪ್ಪದ ವೈರ್ ತರಬೇಕು, ಕೆಲಸವನ್ನು ಎಲ್ಲಿಂದ ಆರಂಭಿಸಬೇಕು ಎಂಬುದನ್ನು ತಿಳಿದವರು ದಯವಿಟ್ಟು ಹೇಳಿ.

ಉತ್ತರ: ಡೊಂಬಿವಲಿಯಿಂದ

ವೈರ್ ತರುವುದಕ್ಕೆ ಮೊದಲು ಹಳೆಯ ಹಾರ್ನೆಸ್ಸನ್ನು ಕತ್ತರಿಸದೆ ಇಡಿಯಾಗಿ ಹೊರತೆಗೆಯಿರಿ. ತೆಗೆಯುವಾಗ ಅದರ ಒಂದು ತುದಿಗೆ ಗಟ್ಟಿಯಾದ ನೈಲಾನ್ ದಾರ ಕಟ್ಟಿ ಎಳೆದರೆ, ಹಾರ್ನೆಸ್ ಹೊರಬರುತ್ತಿದ್ದಂತೆ ದಾರವು ಬಾಡಿಯೊಳಗಿನ ದಾರಿಯಲ್ಲಿ ಉಳಿಯುತ್ತದೆ. ಹೊಸದನ್ನು ಒಳಗೆಳೆಯಲು ಅದೇ ದಾರ ಬೇಕಾಗುತ್ತದೆ. ದಾರ ಮರೆತವರು ಆ ಕೊಳವೆಯೊಳಗೆ ತಂತಿ ತೂರಿಸುತ್ತ ಒಂದು ಭಾನುವಾರವನ್ನೇ ಕಳೆಯುತ್ತಾರೆ.

ಹೊರಗೆ ಬಂದದ್ದನ್ನು ಒಂದು ಪ್ಲೈವುಡ್ ಹಲಗೆಯ ಮೇಲೆ ಹರಡಿ, ಕವಲೊಡೆಯುವ ಪ್ರತಿಯೊಂದು ಜಾಗದಲ್ಲೂ ಮೊಳೆ ಹೊಡೆದು, ಯಾವ ಕವಲು ಎಲ್ಲಿಗೆ ಹೋಗುತ್ತದೆ ಎಂದು ಹಲಗೆಯ ಮೇಲೆಯೇ ಬರೆಯಿರಿ. ಕಾರ್ಖಾನೆಗಳಲ್ಲಿಯೂ ಹಾರ್ನೆಸ್ ಕಟ್ಟುವುದು ಇಂಥದೇ ಹಲಗೆಯ ಮೇಲೆ. ಬಣ್ಣ ಮಾಸಿರುವುದರಿಂದ ಕಣ್ಣನ್ನು ನಂಬದೆ, ಪ್ರತಿಯೊಂದು ವೈರಿನ ಎರಡು ತುದಿಗಳನ್ನೂ ಮೀಟರಿನ ಬೀಪ್‌ನಿಂದ ಗುರುತಿಸಿ. ಹೊಸ ವೈರನ್ನು ಪ್ರತಿ ತುದಿಯಲ್ಲೂ ಒಂದು ಗೇಣು ಹೆಚ್ಚಿಗೆ ಬಿಟ್ಟೇ ಕತ್ತರಿಸಬೇಕು. ಹ್ಯಾಂಡಲ್ ತಿರುಗುವಲ್ಲಿ ಹಾರ್ನೆಸ್ ಬಿಗಿಯಾಗಿದ್ದರೆ ತಾಮ್ರದ ಎಳೆಗಳು ಒಂದೊಂದಾಗಿ ಒಳಗೊಳಗೇ ತುಂಡಾಗುತ್ತವೆ.

ಈಗ ವಿದ್ಯುತ್ತಿನ ಮಾತು. ನಿಮ್ಮ ಗಾಡಿಯ ಮ್ಯಾಗ್ನೆಟೊ (ಎಂಜಿನ್ ತಿರುಗಿದಾಗ ವಿದ್ಯುತ್ ಹುಟ್ಟಿಸುವ ಭಾಗ) ಕೊಡುವುದು ಎಸಿ, ಬ್ಯಾಟರಿಗೂ ಚಾರ್ಜಿಂಗ್ ಸಾಕೆಟ್ಟಿಗೂ ಬೇಕಾದದ್ದು ಡಿಸಿ. ಇಂಥ ಗಾಡಿಗಳಲ್ಲಿ ದೀಪದ ಕಾಯಿಲಿನ ಒಂದು ತುದಿ ಸ್ಟೇಟರ್ ಪ್ಲೇಟಿಗೇ (ಕಾಯಿಲುಗಳು ಕೂರುವ, ತಿರುಗದ ತಟ್ಟೆಗೆ) ಅರ್ಥ್ ಆಗಿರುತ್ತದೆ, ಅಂದರೆ ಗಾಡಿಯ ಲೋಹಕ್ಕೆ ಕೂಡಿರುತ್ತದೆ. ಆದ್ದರಿಂದ ಎಸಿಯನ್ನು ಡಿಸಿ ಮಾಡುವ ನಾಲ್ಕು ಡಯೋಡಿನ ಪೂರ್ಣ ಬ್ರಿಡ್ಜ್ ರೆಕ್ಟಿಫೈಯರ್ ತಂದು ನೇರವಾಗಿ ಜೋಡಿಸಿ, ಬ್ಯಾಟರಿಯ ನೆಗೆಟಿವ್ ತುದಿಯನ್ನೂ ಬಾಡಿಗೆ ಕೊಟ್ಟರೆ, ಅರ್ಧ ಅಲೆಯ ಹೊತ್ತು ಕಾಯಿಲು ಒಂದೇ ಡಯೋಡಿನ ಮೂಲಕ ಶಾರ್ಟ್ ಆಗುತ್ತದೆ. ಅದರ ಬದಲು ನಾಲ್ಕು ಪಿನ್ನಿನ ರೆಗ್ಯುಲೇಟರ್-ರೆಕ್ಟಿಫೈಯರ್ ಬಳಸಿ. ಅದರಲ್ಲಿ ಒಂದು ಪಿನ್ ಕಾಯಿಲಿಗೆ, ಒಂದು ಅರ್ಥ್‌ಗೆ, ಒಂದು ಹೆಡ್‌ಲೈಟಿಗೆ ಎಸಿ ರೂಪದಲ್ಲಿ, ಇನ್ನೊಂದು ಬ್ಯಾಟರಿಗೆ ಅರ್ಧ ಅಲೆಯ ಡಿಸಿ ರೂಪದಲ್ಲಿ. ಹೆಡ್‌ಲೈಟ್ ಮತ್ತು ಹಿಂದಿನ ದೀಪ ಎಸಿಯಲ್ಲೇ ಉಳಿಯಲಿ; ಹಾರ್ನ್, ಇಂಡಿಕೇಟರ್, ಬ್ರೇಕ್ ಲೈಟ್, ಸಾಕೆಟ್ ಇಷ್ಟನ್ನು ಮಾತ್ರ ಬ್ಯಾಟರಿಗೆ ಕೊಡಿ. ಹೀಗೆ ಮಾಡಿದರೆ ಸ್ಟೇಟರನ್ನು ಮುಟ್ಟಬೇಕಾಗಿಲ್ಲ.

ದಪ್ಪದ ಲೆಕ್ಕ ಸುಲಭ. 35 ವ್ಯಾಟಿನ ಬಲ್ಬು 12 ವೋಲ್ಟಿನಲ್ಲಿ ಸುಮಾರು 2.9 ಆಂಪಿಯರ್ ಎಳೆಯುತ್ತದೆ. 1 ಚದರ ಮಿಲಿಮೀಟರ್ ವೈರು 2 ಮೀಟರ್ ದೂರಕ್ಕೆ ಅಷ್ಟು ಕರೆಂಟಿಗೆ 0.1 ವೋಲ್ಟ್ ಮಾತ್ರ ಕಳೆಯುತ್ತದೆ, 0.5ರ ವೈರಾದರೆ ಅದರ ಎರಡರಷ್ಟು. ಹೆಡ್‌ಲೈಟ್, ಹಾರ್ನ್ ಮತ್ತು ಅರ್ಥ್‌ಗೆ 1, ಬ್ಯಾಟರಿಯ ಮುಖ್ಯ ವೈರಿಗೆ 1.5, ಉಳಿದವಕ್ಕೆ 0.5 ಅಥವಾ 0.75 ಸಾಕು. ಆದರೆ ತುಕ್ಕು ಹಿಡಿದ ಒಂದೇ ಒಂದು ಕೂಡಿಕೆಯ ರೋಧ 0.3 ಓಮ್ ಇದ್ದರೆ ಅಲ್ಲಿಯೇ 0.9 ವೋಲ್ಟ್ ಹೋಯಿತು. ಆದ್ದರಿಂದ ದಪ್ಪ ವೈರಿಗೆ ಸುರಿಯುವ ಹಣವನ್ನು ಒಳ್ಳೆಯ ಟರ್ಮಿನಲ್ಲುಗಳಿಗೂ ಅವನ್ನು ವೈರಿಗೆ ಒತ್ತಿ ಕಚ್ಚಿಸುವ ಕ್ರಿಂಪಿಂಗ್ ಇಕ್ಕಳಕ್ಕೂ ಹಾಕಿರಿ ಎನ್ನುತ್ತೇನೆ.

ಬೆಸುಗೆ ಬೇಡ. ಸೀಸವು ಎಳೆಗಳ ನಡುವೆ ಮೇಲಕ್ಕೇರಿ ವೈರನ್ನು ಒಂದು ಕಡ್ಡಿಯನ್ನಾಗಿ ಮಾಡುತ್ತದೆ. ಕಡ್ಡಿ ಮುಗಿದು ಮೆತ್ತನೆಯ ವೈರು ಶುರುವಾಗುವ ಗೆರೆಯಲ್ಲಿಯೇ, ಎಂಜಿನ್ನಿನ ನಡುಕಕ್ಕೆ, ಅದು ಮುರಿಯುತ್ತದೆ. ಟರ್ಮಿನಲ್ಲಿಗೆ ಎರಡು ಜೊತೆ ರೆಕ್ಕೆಗಳಿರುತ್ತವೆ: ಮುಂದಿನ ಜೊತೆ ತಾಮ್ರವನ್ನು ಹಿಡಿಯಬೇಕು, ಹಿಂದಿನ ಜೊತೆ ಹೊದಿಕೆಯನ್ನು ಹಿಡಿಯಬೇಕು. ಹಿಂದಿನ ಜೊತೆಯನ್ನು ಮಡಚದೆ ಬಿಟ್ಟ ಟರ್ಮಿನಲ್ ಹೆಚ್ಚು ದಿನ ಬಾಳುವುದಿಲ್ಲ. ಕ್ರಿಂಪ್ ಮಾಡಿದ ಮೇಲೆ ಪ್ರತಿಯೊಂದನ್ನೂ ಕೈಯಿಂದ ಜಗ್ಗಿ ನೋಡಿ.

ಉತ್ತರ: ಪಿಂಪ್ರಿಯ ಹಳೆಯ ಗ್ಯಾರೇಜಿನವನು

ಮೇಲಿನವರ ಲೆಕ್ಕ ಸರಿಯಾಗಿದೆ, ಆದರೆ ಅಷ್ಟೆಲ್ಲ ಶ್ರಮ ಅಗತ್ಯವಿದೆಯೇ ಎಂಬುದು ನನ್ನ ಸಂಶಯ. ಆಕುರ್ಡಿಯ ಬಜಾಜ್ ಕಾರ್ಖಾನೆಯ ನೆರೆಯಲ್ಲೇ ಬೆಳೆದ ನಮಗೆ ಈ ಗಾಡಿಯ ಬಿಡಿಭಾಗ ಸಿಗುವುದು ಇಂದಿಗೂ ಕಷ್ಟವಲ್ಲ. ಸಿದ್ಧ ಕಿಟ್ಟನ್ನೇ ಹಾಕಿ, ಬ್ಯಾಟರಿಯ ಕಡೆಯ ಹೊಸ ಸಾಮಾನುಗಳಿಗೆ ಮಾತ್ರ ಪ್ರತ್ಯೇಕವಾದ ಚಿಕ್ಕ ಹಾರ್ನೆಸ್ ಕಟ್ಟಿಕೊಳ್ಳಿ. ನಾಳೆ ಸಾಕೆಟ್ ಕೆಟ್ಟರೂ ಗಾಡಿ ನಿಲ್ಲುವುದಿಲ್ಲ, ಬೇರೆ ಮೆಕ್ಯಾನಿಕ್ ಕೈಯಿಟ್ಟರೂ ಅವನಿಗೆ ಗೊಂದಲವಾಗುವುದಿಲ್ಲ.

ಯಾವ ದಾರಿ ಹಿಡಿದರೂ ಒಂದನ್ನು ಮರೆಯಬೇಡಿ. ಸಿಡಿಐನಿಂದ ಬೀಗಕ್ಕೆ ಬರುವ ವೈರು ಅರ್ಥ್ ಆದಾಗ ಎಂಜಿನ್ ನಿಲ್ಲುತ್ತದೆ. ಕೀಲಿ ಆಫ್ ಮಾಡುವುದು ಎಂದರೆ ಅದನ್ನು ಅರ್ಥ್‌ಗೆ ಜೋಡಿಸುವುದೇ. ಅದರೊಳಗೆ ಎಂಜಿನ್ ಓಡುವಾಗ ನೂರಾರು ವೋಲ್ಟ್ ಇರಬಹುದು, ಆದ್ದರಿಂದ ಬರಿಗೈ ಬೇಡ. ಬ್ಯಾಟರಿಯ 12 ವೋಲ್ಟ್ ಎಂದಿಗೂ ಈ ವೈರಿಗೆ ತಗಲಬಾರದು. ನಾಲ್ಕು ವೈರಿನ ಬೀಗ ತಂದರೆ, ಆನ್ ಆದಾಗ ಕೂಡುವ ಜೋಡಿಯನ್ನು ಬ್ಯಾಟರಿಗೂ, ಆಫ್ ಆದಾಗ ಕೂಡುವ ಜೋಡಿಯನ್ನು ಸಿಡಿಐಗೂ ಬಳಸಬಹುದು. ಯಾವ ಜೋಡಿ ಯಾವುದು ಎಂದು ಅಂಗಡಿಯಲ್ಲೇ ಮೀಟರ್ ಇಟ್ಟು ನೋಡಿ.

ಉತ್ತರ: ವಾಸ್ಕೊದಿಂದ

ನಮ್ಮಲ್ಲಿ ಸಮುದ್ರದ ಉಪ್ಪುಗಾಳಿ, ನಿಮ್ಮಲ್ಲಿ ಅದಿಲ್ಲ. ಆದರೂ ಪುಣೆಯ ಮಳೆಗಾಲವೇನೂ ಸಣ್ಣದಲ್ಲ. ಇಲ್ಲಿ ಬಿಚ್ಚಿದ ವೈರುಗಳ ತಾಮ್ರ ಹೊದಿಕೆಯ ಒಳಗೆ ಗೇಣುದ್ದ ಕಪ್ಪಾಗಿರುವುದನ್ನು ನೋಡಿದ್ದೇನೆ. ತೆರೆದ ತುದಿಯಿಂದ ನೀರು ಎಳೆಗಳ ಸಂದಿಯಲ್ಲಿ ಒಳಕ್ಕೆ ಹೋಗುತ್ತದೆ. ಸಿಕ್ಕರೆ ತವರ ಲೇಪಿಸಿದ ತಾಮ್ರದ ವೈರನ್ನೇ ಕೊಳ್ಳಿ, ಕೂಡಿಕೆಗಳ ಮೇಲೆ ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿ. ಮನೆಯ ವೈರಿಂಗ್‌ಗೆ ಬಳಸುವ ಒಂಟಿ ಎಳೆಯ ವೈರು ಗಾಡಿಗೆ ಆಗುವುದಿಲ್ಲ. ಸಾದಾ ಟೇಪು ಬಿಸಿಗೆ ಕರಗುವುದನ್ನು ನೀವೇ ಕಂಡಿದ್ದೀರಿ. ಬಟ್ಟೆಯ ಟೇಪು ಅಥವಾ ಅಂಟಿಲ್ಲದ ಪಿವಿಸಿ ಟೇಪು ಸುತ್ತಿ, ತುದಿಗಳನ್ನು ಮಾತ್ರ ಅಂಟಿಸಿ.

ನೀವು ಪೇಂಟ್ ಮಾಡಿಸುತ್ತಿದ್ದೀರಿ ಎಂದಿರಿ. ಹೊಸ ಪೇಂಟ್ ವಿದ್ಯುತ್ತನ್ನು ತಡೆಯುತ್ತದೆ. ಅರ್ಥ್ ಬೋಲ್ಟ್ ಕೂರುವ ಜಾಗವನ್ನು ಲೋಹ ಕಾಣುವವರೆಗೆ ಕೆರೆದು, ಹಲ್ಲಿನ ವಾಷರ್ ಹಾಕಿ ಬಿಗಿದು, ಮೇಲೆ ಗ್ರೀಸ್ ಹಚ್ಚಬೇಕು. ದೀಪ ಮಂಕಾಗಿದೆ, ಇಂಡಿಕೇಟರ್ ಹಾಕಿದರೆ ಹಿಂದಿನ ದೀಪ ಮಿಣುಕುತ್ತದೆ ಎಂದು ಬರುವ ಗಾಡಿಗಳಲ್ಲಿ ನಾನು ಮೊದಲು ನೋಡುವುದೇ ಅರ್ಥನ್ನು. ಬಾಡಿಯೊಂದನ್ನೇ ನಂಬದೆ, ಹೆಡ್‌ಲೈಟಿನಿಂದಲೂ ಹಿಂದಿನ ದೀಪದಿಂದಲೂ ಅರ್ಥ್ ವೈರನ್ನು ಹಾರ್ನೆಸ್ಸಿನೊಳಗೇ ತಂದು ಒಂದೇ ಬೋಲ್ಟಿಗೆ ಕೂಡಿಸಿ.

ಮರುಪ್ರಶ್ನೆ: ಚಿಂಚವಡದ ಸವಾರ

ಎಲ್ಲರಿಗೂ ಧನ್ಯವಾದ. ಪಿಂಪ್ರಿಯವರ ಸಲಹೆ ವ್ಯಾವಹಾರಿಕವಾದದ್ದೇ. ಆದರೆ ನಾನು ಹುಡುಕಿದ ಸಿದ್ಧ ಕಿಟ್ಟುಗಳ ವೈರು ತೀರ ತೆಳುವಾಗಿ ಕಂಡದ್ದರಿಂದ ಹಲಗೆಯ ದಾರಿಯನ್ನೇ ಹಿಡಿಯುತ್ತೇನೆ, ಬ್ಯಾಟರಿಯ ಭಾಗವನ್ನು ಮಾತ್ರ ಕಪ್ಲರಿನಿಂದ ಬೇರ್ಪಡಿಸಬಹುದಾದ ಪ್ರತ್ಯೇಕ ಹಾರ್ನೆಸ್ ಮಾಡುತ್ತೇನೆ. ಫ್ಯೂಸ್ ಎಷ್ಟರದ್ದು, ಎಲ್ಲಿ ಎಂಬುದೊಂದು ಉಳಿಯಿತು. ಎಲ್‌ಇಡಿ ಇಂಡಿಕೇಟರಿಗೆ ಹಳೆಯ ಫ್ಲಾಷರ್ ನಡೆಯುವುದೇ?

ಉತ್ತರ: ಡೊಂಬಿವಲಿಯಿಂದ

ಫ್ಯೂಸ್ ಇರುವುದು ವೈರನ್ನು ಕಾಯಲು. ಆದ್ದರಿಂದ ಅದು ಬ್ಯಾಟರಿಯ ಪಾಸಿಟಿವ್ ತುದಿಗೆ ಆದಷ್ಟು ಹತ್ತಿರದಲ್ಲಿರಬೇಕು. ಫ್ಯೂಸ್‌ಗೆ ಮೊದಲು ಬರುವ ತುಂಡಿಗೆ ರಕ್ಷಣೆಯೇ ಇಲ್ಲ. ನಿಮ್ಮ ಹಾರ್ನ್, ಇಂಡಿಕೇಟರ್, ಬ್ರೇಕ್ ಲೈಟ್, ಸಾಕೆಟ್ ಎಲ್ಲವೂ ಒಮ್ಮೆಗೇ ನಡೆದರೂ 7.5 ಆಂಪಿಯರಿನ ಬ್ಲೇಡ್ ಫ್ಯೂಸ್ ಸಾಲಬೇಕು. ಸಾಕೆಟ್ಟಿಗೆ ಮಾತ್ರ ಬೇರೆಯಾಗಿ 2 ಆಂಪಿಯರಿನದೊಂದು ಇರಲಿ. ಸಾಕೆಟ್ಟಿನ ಪಾಸಿಟಿವ್ ವೈರು ಕೀಲಿಯ ನಂತರವೇ ಬರಬೇಕು, ಇಲ್ಲವಾದರೆ ಅದರೊಳಗಿನ ಚಿಕ್ಕ ದೀಪವೇ ನಿಂತ ಗಾಡಿಯ ಬ್ಯಾಟರಿಯನ್ನು ಮೆಲ್ಲಗೆ ಖಾಲಿ ಮಾಡುತ್ತದೆ.

ಹಳೆಯ ಫ್ಲಾಷರ್ ಬಲ್ಬು ಎಳೆಯುವ ಕರೆಂಟಿನಿಂದಲೇ ಮಿಣುಕುವಂಥದು. ಎಲ್‌ಇಡಿ ಎಳೆಯುವುದು ಬಹಳ ಕಡಿಮೆಯಾದ್ದರಿಂದ ಅದು ಸರಿಯಾಗಿ ನಡೆಯುವುದಿಲ್ಲ. ಕರೆಂಟಿನ ಹಂಗಿಲ್ಲದ ಎಲೆಕ್ಟ್ರಾನಿಕ್ ಫ್ಲಾಷರ್ ಎಂದು ಕೇಳಿ ತೆಗೆದುಕೊಳ್ಳಿ. ಬ್ಯಾಟರಿ ಕೂಡಿಸುವ ಮೊದಲ ಸಲ, ಫ್ಯೂಸಿನ ಜಾಗದಲ್ಲಿ 21 ವ್ಯಾಟಿನ ಬಲ್ಬೊಂದನ್ನು ಸಿಕ್ಕಿಸಿ ನೋಡಿ: ಸ್ವಿಚ್ಚುಗಳೆಲ್ಲ ಆಫ್ ಇರುವಾಗ ಆ ಬಲ್ಬು ಪೂರ್ತಿ ಉರಿದರೆ ಎಲ್ಲೋ ಶಾರ್ಟ್ ಇದೆ, ಬ್ಯಾಟರಿ ತೆಗೆದು ಮತ್ತೆ ಹಲಗೆಯ ಚಿತ್ರಕ್ಕೆ ಹೋಗಿ ಹುಡುಕಿ.